ಹೊಳಿ ದಂಡಿಯ ಪೊಲೀಸಪ್ಪ

ರಾತ್ರಿ ಎರಡು ದಾಟಿತ್ತು. ಚೀಕಲಪರ್ವಿಯ ಹೊಳಿ ದಂಡೆಯಲ್ಲಿ ಆ ಹೊತ್ತಿಗೆ ಕಣ್ಣಿಗಿಂತ ಕಿವಿಗೇ ಕೆಲಸ ಹೆಚ್ಚು. ಬೇಸಿಗೆಯ ತುಂಗಭದ್ರೆ ಮೈ ಮುದುಡಿಕೊಂಡು ಒಂದು ಮಗ್ಗುಲಿಗೆ ಸರಿದಿದ್ದಳು. ಅವಳು ಬಿಟ್ಟುಹೋದ ಜಾಗದ ತುಂಬ ಉಸುಕು. ಹಗಲಿನ ಕಾವು ಆರದೆ ಇನ್ನೂ ಬೆಚ್ಚಗಿತ್ತು. ಸಂಬಂಧಿಕರ ಹೊಲದ ಮೋಟಾರಿಗೆ ತ್ರೀಫೇಸ್ ಕರೆಂಟು ಬರುವುದನ್ನು ಕಾಯುತ್ತ ನಾನು ಬೇವಿನ ಗಿಡದ ಬುಡದಲ್ಲಿ ಕೂತಿದ್ದೆ. ಬೀಟಿಗೆ ಬಂದ ಕಾನ್‌ಸ್ಟೆಬಲ್ ಒಬ್ಬರು ಬೈಕ್ ನಿಲ್ಲಿಸಿ ಕುಡಿಯಲು ನೀರು ಕೇಳಿದರು. ಕುಡಿದು ಬಾಟಲಿ ಹಿಂದಕ್ಕೆ ಕೊಡುತ್ತಿದ್ದ ಅವರ ಕೈ ನಡುವೆಯೇ ನಿಂತಿತು.

ದೂರದಲ್ಲಿ ಟ್ರ್ಯಾಕ್ಟರಿನ ಸದ್ದು. ದೀಪ ಹಚ್ಚಿರಲಿಲ್ಲ.

"ಭರ್ತಿ ಆಗೇದ್ರಿ ಸರ," ಅಂದರು. "ಖಾಲಿ ಗಾಡಿ ಸದ್ದು ಬ್ಯಾರೆ, ತುಂಬಿದ ಗಾಡಿ ಸದ್ದು ಬ್ಯಾರೆ."

ಅವರ ಹತ್ತಿರ ಇದ್ದದ್ದು ಒಂದು ಲಾಠಿ, ಒಂದು ಬ್ಯಾಟರಿ, ಅರ್ಧ ಚಾರ್ಜಿನ ಮೊಬೈಲು, ಸ್ವಂತದ ಬೈಕು. ಬರುತ್ತಿರುವ ಗಾಡಿಯ ಮೇಲೆ ಎಷ್ಟು ಮಂದಿ ಇದ್ದಾರೋ ಕತ್ತಲಲ್ಲಿ ಎಣಿಸುವಂತಿರಲಿಲ್ಲ. ಠಾಣೆಗೆ ಫೋನ್ ಹಚ್ಚಿದರು. ಜೀಪು ಬೇರೆ ಊರಿನ ಜಗಳಕ್ಕೆ ಹೋಗಿತ್ತು. "ನಂಬರ್ ಬರ್ಕೊಂಡು ನಿಂದ್ರು, ಬರ್ತೀವಿ" ಎಂದಿತು ಆಚೆಯ ದನಿ. ಅವರು ಫೋನನ್ನು ಜೇಬಿಗಿಟ್ಟು, ಕ್ಯಾಪನ್ನು ಒಮ್ಮೆ ಒತ್ತಿಕೊಂಡು, ಬಂಡಿಜಾಡಿನ ನಡುವೆ ಹೋಗಿ ನಿಂತರು.

ಪೊಲೀಸ್ ಸುಧಾರಣೆಯ ವರದಿಗಳು ದೆಹಲಿಯಲ್ಲಿ, ಬೆಂಗಳೂರಿನಲ್ಲಿ ಬರೆಯಲ್ಪಡುತ್ತವೆ. ಅವು ನಿಜವೋ ಸುಳ್ಳೋ ಎಂದು ತಿಳಿಯುವುದು ಇಂಥ ಬಂಡಿಜಾಡಿನಲ್ಲಿ, ಇಂಥ ಅಪರಾತ್ರಿಯಲ್ಲಿ, ಒಂಟಿಯಾಗಿ ನಿಂತ ಒಬ್ಬ ಮನುಷ್ಯನ ಎದೆಯಲ್ಲಿ.

ಹಗಲಲ್ಲಿ ನೋಡಿದರೆ ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ಈ ಚೀಕಲಪರ್ವಿ ಶಾಂತ ಊರು. 1682ರಲ್ಲಿ ವಿಜಯದಾಸರು ಹುಟ್ಟಿದ್ದು ಇಲ್ಲಿಯೇ. ಹೊಳಿ ಸನಿಹದಲ್ಲಿ ಅಶ್ವತ್ಥದ ಕಟ್ಟೆ, ಒಣಗಲು ಹಾಕಿದ ಮಡಿಬಟ್ಟೆ, ಸುತ್ತಮುತ್ತ ಎರೆಹೊಲ, ನೀರು ಸಿಕ್ಕಲ್ಲಿ ಭತ್ತ, ಸಿಗದಲ್ಲಿ ಹತ್ತಿ. ಹೊಳಿ ಇಲ್ಲಿಂದ ಕೆಳಕ್ಕೆ ಹರಿದಂತೆ ಎದುರು ದಂಡೆ ಆಂಧ್ರದ್ದು; ಅಲ್ಲಿ ಮಂತ್ರಾಲಯ. ಕಾರ್ತಿಕ ಶುದ್ಧ ದಶಮಿಗೆ ದಾಸರ ಆರಾಧನೆ. ಜನ ಕೂಡಿದಲ್ಲಿ ಖಾಕಿಯೂ ಇರಬೇಕು. ಪಲ್ಲಕ್ಕಿ ಸಾಗಲು ದಾರಿ ಬಿಡಿಸುವುದು, ತಪ್ಪಿಸಿಕೊಂಡ ಕೂಸನ್ನು ತಾಯಿಗೆ ಮುಟ್ಟಿಸುವುದು, ಸ್ನಾನಕ್ಕಿಳಿದವರು ಆಳಕ್ಕೆ ಹೋಗದಂತೆ ಕೂಗುವುದು. ಅಂಥ ದಿನ ಜನರ ಕಣ್ಣಲ್ಲಿ ಪೊಲೀಸಪ್ಪ ಮನೆಯವನೇ.

ಈ ಸೀಮೆಯಲ್ಲಿ ಪೊಲೀಸ್ ಎಂಬುದು ಮನೆತನದ ಹೆಸರೂ ಹೌದು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಕಂದಾಯ ಎತ್ತುವವ ಮಾಲಿ ಪಾಟೀಲ, ಊರ ಕಾವಲು ನೋಡುವವ ಪೊಲೀಸ್ ಪಾಟೀಲ. ಕಳ್ಳನ ಹೆಜ್ಜೆ ಗುರುತಿಸಲು ತಳವಾರ. ಠಾಣೆಯ ಮೇಲಿನವನಿಗೆ ಅಮೀನ ಎಂಬ ಹೆಸರಿತ್ತು. ಹಳಬರ ಬಾಯಲ್ಲಿ ‘ಅಮೀನ್ ಸಾಬ್’ ಈಗಲೂ ಬರುವುದುಂಟು. 1948ರಲ್ಲಿ ಸಂಸ್ಥಾನ ಮುಗಿಯಿತು, 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಕೂಡಿತು, 1961ರ ಕಾಯ್ದೆ ವಂಶಪಾರಂಪರ್ಯದ ಹಳ್ಳಿ ಹುದ್ದೆಗಳನ್ನು ತೆಗೆದುಹಾಕಿತು. ಹುಟ್ಟಿನಿಂದ ಬರುತ್ತಿದ್ದ ಅಧಿಕಾರ ಹೋಗಿ, ಪರೀಕ್ಷೆ ಬರೆದು ಸಂಬಳ ಪಡೆಯುವ ನೌಕರ ಬಂದ. ಒಳ್ಳೆಯದೇ ಆಯಿತು. ಆದರೆ ಪೊಲೀಸ್ ಪಾಟೀಲನಿಗೆ ಕಾಯಲು ಒಂದು ಊರಿತ್ತು. ಬೀಟಿನ ಕಾನ್‌ಸ್ಟೆಬಲ್‌ಗೆ ಹಲವು ಊರು.

ಆ ಊರುಗಳ ಜೊತೆಗೆ ಇನ್ನೆಷ್ಟು ಕೆಲಸ! ಕೋರ್ಟಿಗೆ ಸಮನ್ಸ್, ಆಸ್ಪತ್ರೆಗೆ ಆರೋಪಿ, ಸಚಿವರ ಭೇಟಿಗೆ ಬಂದೋಬಸ್ತ್, ಪಾಸ್‌ಪೋರ್ಟಿಗೆ ವಿಚಾರಣೆ, ಸೆಂಟ್ರಿ ಪಾಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ಮುಟ್ಟದ ವರ್ಷ ಮಾನ್ವಿ, ಸಿರವಾರದ ರೈತರು ರಸ್ತೆಗಿಳಿಯುತ್ತಾರೆ. ಆಗ ಕಾಲುವೆ ಗೇಟಿಗೂ ಪೊಲೀಸರೇ ಕಾವಲು. ಕಾಲುವೆಯ ಮೇಲೆ ನಿಂತವನು ಅದೇ ಹೊತ್ತಿಗೆ ಹೊಳಿಯಲ್ಲಿ ಇರಲಾರ. ಉಸುಕು ತುಂಬುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಸಿಬ್ಬಂದಿ ಕೊರತೆ ನಮ್ಮ ಪಾಲಿಗೆ ಪತ್ರಿಕೆಯ ಸುದ್ದಿ. ಅವರ ಪಾಲಿಗೆ ಅದೇ ಬಂಡವಾಳ.

ಸಂಬಳದ ಕತೆ ಹಳೆಯದು. 1902ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಫ್ರೇಜರ್ ಆಯೋಗ ಪೊಲೀಸರಲ್ಲಿ ಲಂಚ ಬೇರುಬಿಟ್ಟಿದೆ ಎಂದು ಕಂಡುಕೊಂಡು, ಕಾನ್‌ಸ್ಟೆಬಲ್‌ಗೆ ತಿಂಗಳಿಗೆ ಕನಿಷ್ಠ 8 ರೂಪಾಯಿ ಕೊಡಿ ಎಂದಿತು. ಹೊಟ್ಟೆಗೂ ಲಂಚಕ್ಕೂ ನಂಟಿದೆ ಎಂಬುದು ಅಂದೇ ತಿಳಿದಿದ್ದ ಮಾತು. ನಮ್ಮ ರಾಜ್ಯದಲ್ಲಿ ಆ ಮಾತು ಸಿಡಿದದ್ದು 2016ರಲ್ಲಿ. ಪೊಲೀಸರಿಗೆ ಸಂಘ ಕಟ್ಟುವ ಹಕ್ಕಿಲ್ಲ. 1966ರ ಕಾನೂನು ಅದನ್ನು ಕಟ್ಟಿಹಾಕಿದೆ. ಆದರೂ ಆ ವರ್ಷ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆಂಬ ಕೂಗು ರಾಜ್ಯದ ತುಂಬ ಹಬ್ಬಿತು. ಸಂಬಳ ಸಾಲದು, ವಾರದ ರಜೆ ಇಲ್ಲ, ಮೇಲಿನವರ ಮನೆಯಲ್ಲಿ ಆರ್ಡರ್ಲಿ ಚಾಕರಿ. ಸರ್ಕಾರ ಮುಖಂಡರ ಮೇಲೆ ಕ್ರಮ ಜರುಗಿಸಿತು. ಜೊತೆಗೆ ಹಿರಿಯ ಐಪಿಎಸ್ ಅಧಿಕಾರಿ ರಾಘವೇಂದ್ರ ಔರಾದಕರ್ ಅವರ ಸಮಿತಿಯನ್ನೂ ನೇಮಿಸಿತು. ವರದಿ ಬೇಗ ಬಂತು, ಜಾರಿಗೆ ಮೂರು ವರ್ಷ ಹಿಡಿಯಿತು. 2019ರ ಆಗಸ್ಟಿನಿಂದ ಕಾನ್‌ಸ್ಟೆಬಲ್ ಮೂಲ ವೇತನ 23,500 ರೂಪಾಯಿಗೆ ಏರಿತು. ಏಳನೇ ವೇತನ ಆಯೋಗದ ಬಳಿಕ, 2024ರ ಆಗಸ್ಟಿನಿಂದ, ಅದು 37,500ಕ್ಕೆ ಬಂದಿದೆ. 2025ರ ಅಕ್ಟೋಬರಿನಲ್ಲಿ ಹಳೆಯ ಸ್ಲೌಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಬಂತು. ಓಡುವಾಗ ಹಾರಿಬೀಳುತ್ತಿದ್ದ ಟೋಪಿಯಿಂದ ಬಿಡುಗಡೆ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ತಲೆಯ ಮೇಲಿನದಕ್ಕೂ ಮನುಷ್ಯನ ಮರ್ಯಾದೆಗೂ ಸಂಬಂಧವಿದೆ.

ಪಗಾರ ಏರಿತು, ಟೋಪಿ ಬದಲಾಯಿತು. ಹಾಗಾದರೆ ಮಾಮೂಲಿ ಏಕೆ ನಿಲ್ಲಲಿಲ್ಲ?

ಆ ಶಬ್ದವನ್ನೇ ನೋಡಿ. ಮಾಮೂಲಿ ಎಂದರೆ ಎಂದಿನದು, ರೂಢಿಯದು. ತಪ್ಪಿಗೆ ರೂಢಿಯ ಹೆಸರು ಬಿದ್ದ ಮೇಲೆ ಅದು ತಪ್ಪಿನಂತೆ ಕಾಣುವುದಿಲ್ಲ. ಮನೆ ಕಟ್ಟುವವನಿಗೆ ಉಸುಕು ಬೇಕು. ಪಾಸಿನ ಉಸುಕಿಗೆ ಹೆಚ್ಚು ಹಣ, ರಾತ್ರಿಯ ಉಸುಕಿಗೆ ಕಡಿಮೆ. ಹೊಳಿ ಎಲ್ಲರದು, ಹೀಗಾಗಿ ಯಾರದೂ ಅಲ್ಲ. ಗಾಡಿ ಹೊಡೆಯುವ ಹುಡುಗ ದಿನಗೂಲಿ. ಗಾಡಿಯ ಯಜಮಾನನ ಬೆನ್ನಿಗೆ ರಾಜಕೀಯದ ಕೈ. ಇವರ ನಡುವೆ ಖಾಕಿ ತೊಟ್ಟವನು ಕಣ್ಣು ಮುಚ್ಚಿದರೆ ದುಡ್ಡು, ತೆರೆದರೆ ಎತ್ತಂಗಡಿ.

ಲಂಚ ಕೆಳಗಿನ ಕೈಯಲ್ಲಿ ಕಾಣುತ್ತದೆ, ಹುಟ್ಟುವುದು ಮೇಲೆ. ಕುರ್ಚಿಗೆ ಬೆಲೆ ಕಟ್ಟಿದ ದಿನವೇ ಹೊಳಿಗೂ ಬೆಲೆ ಕಟ್ಟಿದಂತೆ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ 54 ಸಾವಿರಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದರು. ನಮ್ಮ ಪಕ್ಕದ ಕಲಬುರಗಿಯ ಒಂದು ಪರೀಕ್ಷಾ ಕೇಂದ್ರದಿಂದ ಎಳೆ ಬಿಚ್ಚಿಕೊಂಡಿತು. ಒಎಂಆರ್ ಹಾಳೆಗಳನ್ನು ಬೇರೆಯವರು ತುಂಬಿದ ಆರೋಪ, ಲಕ್ಷಗಟ್ಟಲೆ ಹಣದ ವ್ಯವಹಾರದ ಆರೋಪ. ಸಿಐಡಿ ತನಿಖೆ ಮೇಲೇರಿ, 2022ರ ಜುಲೈನಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯವರ ಬಂಧನದವರೆಗೆ ಹೋಯಿತು. 2023ರ ನವೆಂಬರಿನಲ್ಲಿ ಹೈಕೋರ್ಟ್ ಮರುಪರೀಕ್ಷೆಯೇ ಸರಿ ಎಂದಿತು. 2024ರ ಜನವರಿಯಲ್ಲಿ ಪರೀಕ್ಷೆ ನಡೆಯಿತು. ಗ್ರಂಥಾಲಯದಲ್ಲಿ ರಾತ್ರಿಗಟ್ಟಲೆ ಓದಿದ ಬಡಮಕ್ಕಳು ಎರಡು ವರ್ಷ ಕಳೆದುಕೊಂಡು ಮತ್ತೆ ಪೆನ್ನು ಹಿಡಿದರು. ಸಾಲ ಮಾಡಿ ಹುದ್ದೆ ಕೊಂಡವನು ಮೊದಲ ದಿನದಿಂದಲೇ ಬಡ್ಡಿ ಎಣಿಸುತ್ತಾನೆ. ಆ ಬಡ್ಡಿಯನ್ನು ಕಟ್ಟುವುದು ನಾವು, ನಮ್ಮ ಹೊಳಿ.

ಮದ್ದು ಗೊತ್ತಿಲ್ಲದೆ ಅಲ್ಲ. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದಾರಿ ತೋರಿಸಿದೆ. ಅಧಿಕಾರಿಗೆ ನಿಗದಿತ ಅವಧಿ ಇರಲಿ, ವರ್ಗಾವಣೆಯನ್ನು ಇಲಾಖೆಯ ಮಂಡಳಿ ನೋಡಲಿ, ಪೊಲೀಸರ ಮೇಲಿನ ದೂರು ಕೇಳಲು ಪ್ರತ್ಯೇಕ ಪ್ರಾಧಿಕಾರ ಇರಲಿ, ತನಿಖೆ ಬೇರೆ ಬಂದೋಬಸ್ತ್ ಬೇರೆ ಆಗಲಿ. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿಯನ್ನೂ ತಂದಿತು. ಆದರೂ ಚುನಾವಣೆ ಮುಗಿದು ಹೊಸ ಸರ್ಕಾರ ಬಂದ ಕೂಡಲೆ ಮೊದಲು ಹೊರಡುವುದು ವರ್ಗಾವಣೆ ಪಟ್ಟಿಯೇ.

ಈ ಮಾತು ಬರೀ ಹಣದ್ದಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2018ರ ಡಿಸೆಂಬರಿನಲ್ಲಿ ಇದೇ ಮಾನ್ವಿ ತಾಲ್ಲೂಕಿನಲ್ಲಿ ಉಸುಕಿನ ಲಾರಿ ತಡೆಯಲು ಹೋದ ಗ್ರಾಮ ಲೆಕ್ಕಾಧಿಕಾರಿ ಅದರ ಗಾಲಿಗೆ ಸಿಕ್ಕಿ ಸತ್ತರು. 2023ರ ಜೂನಿನಲ್ಲಿ ಕಲಬುರಗಿ ಜಿಲ್ಲೆಯ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಒಬ್ಬರ ಮೇಲೆ ಉಸುಕಿನ ಟ್ರ್ಯಾಕ್ಟರ್ ಹರಿಯಿತು. ಕೊಳ್ಳಲಾಗದವರನ್ನು ಕೊಲ್ಲಬಹುದು ಎಂಬ ಧೈರ್ಯ ಎಲ್ಲಿಂದ ಬಂತು? ತಡೆದವನು ಒಬ್ಬನೇ ಎಂಬುದು ಗೊತ್ತಿದ್ದರಿಂದ ಬಂತು.

ಬಂಡಿಜಾಡಿನಲ್ಲಿ ಬ್ಯಾಟರಿ ಬೆಳಗಿತು. ಟ್ರ್ಯಾಕ್ಟರ್ ನಿಲ್ಲಲಿಲ್ಲ, ಒಮ್ಮೆ ಗುಟುರು ಹಾಕಿ ಮುಂದೆ ಬಂತು. ಅವರು ಸರಿಯಲಿಲ್ಲ. ನಾನು ಯಾವಾಗ ಎದ್ದು ಅವರ ಪಕ್ಕಕ್ಕೆ ಹೋದೆನೋ ನನಗೇ ತಿಳಿಯದು. ಎರಡು ನೆರಳು ಕಂಡಿತೋ ಏನೋ, ಗಾಡಿ ಹತ್ತು ಮಾರು ದೂರದಲ್ಲಿ ಗಕ್ಕನೆ ನಿಂತಿತು. ಟ್ರಾಲಿ ಮೇಲೆದ್ದಿತು. ಉಸುಕನ್ನೆಲ್ಲ ದಾರಿಯಲ್ಲೇ ಸುರಿದು, ತಿರುಗಿಸಿಕೊಂಡು ಕತ್ತಲಿಗೆ ಓಡಿತು. ನಂಬರ್ ಪ್ಲೇಟ್ ಇರಲಿಲ್ಲ.

"ಪಾರಾದ್ವಿ ಬಿಡ್ರಿ ಸರ," ಎಂದು ಅವರು ಉಸಿರು ಬಿಟ್ಟರು. ಬ್ಯಾಟರಿ ಹಿಡಿದ ಕೈ ಆಗ ನಡುಗಿತು.

ಬೆಳಗಾದಾಗಲೂ ಅವರು ಆ ಗುಡ್ಡೆಯ ಮಗ್ಗುಲಲ್ಲೇ ಇದ್ದರು. ಪಂಚನಾಮೆ ಆಗುವತನಕ ಉಸುಕು ಸರ್ಕಾರದ್ದು, ಕಾಯಬೇಕು. ಹತ್ತು ಗಂಟೆಗೆ ಇನ್ನೊಂದು ಕಡೆ ಬಂದೋಬಸ್ತ್ ಬಿದ್ದಿದೆಯೆಂದು ಮೊಬೈಲಿಗೆ ಸಂದೇಶವೂ ಬಂದಿತ್ತು. ಹೊಳಿಗೆ ಹೊರಟಿದ್ದ ಹಿರಿಯರೊಬ್ಬರು ಗುಡ್ಡೆಯನ್ನೂ ಅವರ ಕೆಂಪು ಕಣ್ಣುಗಳನ್ನೂ ನೋಡಿ ನಿಂತರು.

"ರಾತ್ರಿ ಒಬ್ಬನ ಇದ್ದೇನು ತಮ್ಮಾ?"

"ದಿನಾ ಒಬ್ಬನ ತಾತ."

ಹಿರಿಯರು ಹೆಗಲ ಟವೆಲು ತೆಗೆದು ನೆಲಕ್ಕೆ ಹಾಸಿದರು.

"ಹೋಗು, ಮಾರಿ ತೊಳ್ಕೊಂಡು ಚಾ ಕುಡದು ಬಾ. ಅಲ್ಲೀಮಟ ನಾ ಕುಂದರ್ತೀನಿ."