ಹದಿನೆಂಟು ದ್ವೀಪಗಳ ಕಾಲ್ಚೆಂಡಾಟ

ಉತ್ತರ ಅಟ್ಲಾಂಟಿಕ್ ಮಹಾಸಾಗರದಲ್ಲಿ, ಸ್ಕಾಟ್ಲೆಂಡಿಗೂ ಐಸ್‌ಲ್ಯಾಂಡಿಗೂ ನಡುವೆ, ಭೂಪಟದ ಮೇಲೆ ಬೆರಳಿಟ್ಟರೆ ಮರೆಯಾಗಿಬಿಡುವಷ್ಟು ಅಲ್ಪವಾದ ಸ್ಥಳದಲ್ಲಿ 18 ದ್ವೀಪಗಳ ಒಂದು ಸಮೂಹವುಂಟು. ಅದಕ್ಕೆ ಫ್ಯಾರೋ ದ್ವೀಪಗಳೆಂದು ಹೆಸರು. ಎಲ್ಲವನ್ನೂ ಕೂಡಿಸಿದರೂ ಅವುಗಳ ವಿಸ್ತೀರ್ಣ 1,400 ಚದರ ಕಿಲೋಮೀಟರುಗಳನ್ನು ಮೀರದು. ಜನಸಂಖ್ಯೆ ಸುಮಾರು 54,000, ಎಂದರೆ ನಮ್ಮಲ್ಲಿ ಒಂದು ತಾಲ್ಲೂಕಿನ ಮುಖ್ಯ ಪಟ್ಟಣದಲ್ಲಿ ನೆಲೆಸಿರುವಷ್ಟು ಜನ. ಮರಗಳೇ ವಿರಳವಾದ ಕಡಿದಾದ ಹಸುರು ಬೆಟ್ಟಗಳು, ಅವುಗಳ ಬುಡವನ್ನು ಹಗಲಿರುಳೂ ಅಪ್ಪಳಿಸುವ ಕಡಲು, ವರ್ಷದ ಬಹುಭಾಗ ಬಿಡದೆ ಬೀಸುವ ಗಾಳಿ, ಇವುಗಳ ಮಧ್ಯದಲ್ಲಿ ಮೀನನ್ನೇ ನಂಬಿ ಬದುಕುವ ಈ ಜನರು ಡೆನ್ಮಾರ್ಕಿನ ಸಿಂಹಾಸನಕ್ಕೆ ಒಳಪಟ್ಟವರಾದರೂ, ಸ್ವಂತ ಭಾಷೆಯನ್ನೂ ಸ್ವಂತ ಶಾಸನಸಭೆಯನ್ನೂ 1948ರಿಂದ ಸ್ವಯಮಾಡಳಿತವನ್ನೂ ಪಡೆದವರು. ವಿಶ್ವಸಂಸ್ಥೆಯಲ್ಲಿ ಅವರಿಗೆ ಆಸನವಿಲ್ಲ. ಆದರೆ ಜಗತ್ತಿನ ಮಹಾರಾಷ್ಟ್ರಗಳೊಡನೆ ಸಮಸಮನಾಗಿ ನಿಂತು, ತಮ್ಮ ಧ್ವಜವನ್ನು ಏರಿಸಿ, ತಮ್ಮ ಗೀತೆಯನ್ನು ಹಾಡಿಸಿಕೊಳ್ಳುವ ಒಂದು ಸ್ಥಳ ಅವರಿಗೆ ಪ್ರಾಪ್ತವಾಗಿದೆ. ಅದು ಕಾಲ್ಚೆಂಡಿನ ಮೈದಾನ.

ಆಟವು ಅಲ್ಲಿಗೆ ಬಂದದ್ದು ನಿನ್ನೆ ಮೊನ್ನೆಯಲ್ಲ. ತ್ವೋರೋಯ್ರಿ ಎಂಬ ಊರಿನ ಸಂಘವು 1892ರಲ್ಲಿಯೂ, ರಾಜಧಾನಿಯಾದ ಟೋರ್ಸ್‌ಹಾವ್ನ್ ಮತ್ತು ಉತ್ತರದ ಕ್ಲಾಕ್ಸ್‌ವೀಕ್ ಊರುಗಳ ಸಂಘಗಳು 1904ರಲ್ಲಿಯೂ ಸ್ಥಾಪಿತವಾದವು. ದ್ವೀಪಗಳ ಮೊದಲ ಪಂದ್ಯಾವಳಿ ನಡೆದುದು 1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ. ಡೆನ್ಮಾರ್ಕು ಜರ್ಮನರ ವಶವಾದ ಕೂಡಲೇ ಬ್ರಿಟಿಷ್ ಸೈನ್ಯವು ಈ ದ್ವೀಪಗಳಲ್ಲಿ ಬಂದಿಳಿದಿತ್ತು. ಶತ್ರುವಶವಾದ ದೇಶದ ಬಾವುಟವನ್ನು ಫ್ಯಾರೋ ಹಡಗುಗಳು ಹಾರಿಸುವಂತಿರಲಿಲ್ಲವಾದ್ದರಿಂದ, 1940ರ ಏಪ್ರಿಲ್ 25ರಂದು ಬ್ರಿಟಿಷರು ದ್ವೀಪವಾಸಿಗಳ ಸ್ವಂತ ಧ್ವಜಕ್ಕೆ ಮನ್ನಣೆ ಕೊಟ್ಟರು. ಆ ದಿನವನ್ನು ಅವರು ಇಂದಿಗೂ ಧ್ವಜದಿನವೆಂದು ಆಚರಿಸುತ್ತಾರೆ. ಧ್ವಜ ದೊರೆತ ಎರಡು ವರ್ಷಗಳಲ್ಲಿ ಪಂದ್ಯಾವಳಿಯೂ ಹುಟ್ಟಿತೆಂಬುದು ಕಾಕತಾಳೀಯವೇ ಇರಬಹುದು. ಆದರೆ ಇವೆರಡರ ಗೆಳೆತನ ಮುಂದೆ ಅಗಲಲಿಲ್ಲವೆಂಬುದಂತೂ ದಿಟ.

ಆಡಲು ಸಮತಟ್ಟಾದ ನೆಲವೇ ಇಲ್ಲದ ನಾಡು ಅದು. ಇದ್ದಷ್ಟು ಮೈದಾನಗಳು ಜಲ್ಲಿಯವು, ಮರಳಿನವು. ಬಿದ್ದವನ ಮೊಣಕಾಲು ತರಚದೆ ಉಳಿಯುತ್ತಿರಲಿಲ್ಲ. ಅಯ್ಯಿ ಎಂಬ ಹಳ್ಳಿಯ ಹಳೆಯ ಮೈದಾನವು ಕಡಲ ದಂಡೆಗೆ ಎಷ್ಟು ಹತ್ತಿರವಾಗಿತ್ತೆಂದರೆ, ದಾರಿತಪ್ಪಿದ ಚೆಂಡು ಅಲೆಗಳ ಪಾಲಾಗುವುದು ಅಲ್ಲಿ ನಿತ್ಯದ ಸಂಗತಿಯಾಗಿತ್ತು. ಒಂದು ದ್ವೀಪದ ತಂಡವು ಮತ್ತೊಂದರ ತಂಡವನ್ನು ಎದುರಿಸಬೇಕಾದರೆ ದೋಣಿಯೇರಬೇಕು, ದೋಣಿ ಹೊರಡಬೇಕಾದರೆ ಕಡಲು ಒಪ್ಪಬೇಕು. ಇಂಥ ನಾಡಿನಲ್ಲಿ ಬಹುತೇಕ ಪ್ರತಿಯೊಂದು ದೊಡ್ಡ ಹಳ್ಳಿಯೂ ತನ್ನದೇ ತಂಡವನ್ನು ಕಟ್ಟಿಕೊಂಡು, ಮೀನಿನ ಕಾರ್ಖಾನೆಯಲ್ಲಿಯೂ ದೋಣಿಗಳಲ್ಲಿಯೂ ಶಾಲೆಗಳಲ್ಲಿಯೂ ದುಡಿದು ಬಂದವರನ್ನು ಸಾಯಂಕಾಲ ಆಟಕ್ಕೆ ಇಳಿಸುತ್ತಿದ್ದ ನಿಷ್ಠೆಯನ್ನು ನೆನೆದಾಗ ನನಗೆ ಗೌರವವುಂಟಾಗುತ್ತದೆ.

1988ರಲ್ಲಿ ಫ್ಯಾರೋ ದ್ವೀಪಗಳು ಫಿಫಾದ ಸದಸ್ಯತ್ವವನ್ನೂ, 1990ರಲ್ಲಿ ಯೂರೋಪಿನ ಕಾಲ್ಚೆಂಡಿನ ಒಕ್ಕೂಟದ ಸದಸ್ಯತ್ವವನ್ನೂ ಪಡೆದವು. ಅವುಗಳ ಮೊಟ್ಟಮೊದಲ ಅಧಿಕೃತ ಸ್ಪರ್ಧೆಯ ಪಂದ್ಯವು ಆಸ್ಟ್ರಿಯದ ವಿರುದ್ಧ, 1990ರ ಸೆಪ್ಟೆಂಬರ್ 12ರಂದು ನಿಶ್ಚಯವಾಯಿತು. ಸ್ವದೇಶದಲ್ಲಿ ನಿಯಮಾನುಸಾರವಾದ ಹುಲ್ಲಿನ ಮೈದಾನವೊಂದೂ ಇಲ್ಲದುದರಿಂದ ಈ ‘ಮನೆಯಂಗಳದ’ ಪಂದ್ಯವನ್ನು ಸ್ವೀಡನ್ನಿನ ಲ್ಯಾಂಡ್ಸ್‌ಕ್ರೋನಾ ಎಂಬ ಊರಿನಲ್ಲಿ ಆಡಬೇಕಾಯಿತು. ಅದೇ ವರ್ಷದ ಬೇಸಗೆಯಲ್ಲಿ ಇಟಲಿಯ ವಿಶ್ವಕಪ್ಪಿನಲ್ಲಿ ಆಡಿ ಬಂದಿದ್ದ ವೃತ್ತಿನಿರತರ ತಂಡ ಆಸ್ಟ್ರಿಯದ್ದು. ಈ ಕಡೆಯ ಗೋಲುರಕ್ಷಕನಾದ ಯೆನ್ಸ್ ಮಾರ್ಟಿನ್ ಕ್ನುಡ್ಸೆನ್ ಮೀನಿನ ಕಾರ್ಖಾನೆಯೊಂದರಲ್ಲಿ ಸರಕೆತ್ತುವ ವಾಹನದ ಚಾಲಕ. ಎಳವೆಯಲ್ಲಿ ತಲೆಗೆ ಏಟು ಬಿದ್ದಿದ್ದ ಕಾರಣ, ಗೊಂಡೆಯುಳ್ಳ ಬಿಳಿಯ ಉಣ್ಣೆಯ ಟೊಪ್ಪಿಗೆಯನ್ನು ಧರಿಸದೆ ಆತ ಮೈದಾನಕ್ಕೆ ಇಳಿಯುತ್ತಿರಲಿಲ್ಲ. ಮುಂಪಡೆಯ ಟೋರ್ಕಿಲ್ ನೀಲ್ಸೆನ್ ಮರದ ವ್ಯಾಪಾರದ ನೌಕರ, ಜೊತೆಗೆ ನಿಪುಣನಾದ ಚದುರಂಗದ ಆಟಗಾರ. ಇವರನ್ನು ಸಿದ್ಧಗೊಳಿಸಿದವನು ಐಸ್‌ಲ್ಯಾಂಡಿನವನಾದ ಪಾಲ್ ಗುಡ್ಲಾಯ್ಗ್ಸನ್.

ಮೊದಲರ್ಧ ಗೋಲಿಲ್ಲದೆ ಕಳೆಯಿತು. ಎರಡನೆಯ ಅರ್ಧದಲ್ಲಿ ನೀಲ್ಸೆನ್ ಚೆಂಡನ್ನು ತಾನೇ ಮುಂದೊಯ್ದು, ಎದುರಾದ ರಕ್ಷಕರನ್ನು ದಾಟಿ, ಗೋಲಿನೊಳಕ್ಕೆ ನೂಕಿದನು. ಆಮೇಲಿನ ಹೊತ್ತೆಲ್ಲ ಆಸ್ಟ್ರಿಯದ ಆಕ್ರಮಣ, ಫ್ಯಾರೋ ತಂಡದ ರಕ್ಷಣೆ, ಟೊಪ್ಪಿಗೆಯ ಗೋಲುರಕ್ಷಕನ ಚಾಚಿದ ಕೈಗಳು. ಕೊನೆಯ ಸೀಟಿ ಮೊಳಗಿದಾಗ ಫಲಿತಾಂಶ 1-0 ಆಗಿತ್ತು. ಹಿಂದೆಂದೂ ಅಧಿಕೃತ ಸ್ಪರ್ಧೆಯಲ್ಲಿ ಆಡಿರದ ಒಂದು ಜನಾಂಗವು ತನ್ನ ಪ್ರಥಮ ಪಂದ್ಯದಲ್ಲಿಯೇ ಜಯಶಾಲಿಯಾಗಿತ್ತು. ಆಸ್ಟ್ರಿಯದ ಶಿಕ್ಷಕ ಯೋಸೆಫ್ ಹಿಕರ್ಸ್‌ಬರ್ಗರ್ ತನ್ನ ಸ್ಥಾನವನ್ನು ತ್ಯಜಿಸಿದನು.

ಆ ಪಂದ್ಯ ಸೇರಿದ್ದ, ಯೂರೋಪಿಯನ್ ಸ್ಪರ್ಧೆಯ ಅರ್ಹತಾ ಗುಂಪಿನ ಮುಂದಿನ ಕಥೆಯೂ ವಿಚಿತ್ರವಾದದ್ದು. ಅಗ್ರಸ್ಥಾನ ಪಡೆದ ಯುಗೋಸ್ಲಾವಿಯವು ಅಂತರ್ಯುದ್ಧದ ನಿಮಿತ್ತ ಬಹಿಷ್ಕೃತವಾಗಿ, ದ್ವಿತೀಯ ಸ್ಥಾನದ ಡೆನ್ಮಾರ್ಕು ಅದರ ಬದಲಿಗೆ ಕರೆಯಲ್ಪಟ್ಟು, 1992ರ ಯೂರೋಪಿಯನ್ ಕಿರೀಟವನ್ನೇ ಧರಿಸಿತು. ಆ ಡೇನಿಷ್ ತಂಡದ ನಾಯಕನಾಗಿದ್ದ ಲಾರ್ಸ್ ಓಲ್ಸೆನ್ ಎಂಬವನನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಜಯದ ಹಿಂದೆಯೇ ಸೋಲಿನ ವರ್ಷಗಳು ಬಂದವು. ಟೋಫ್ಟಿರ್ ಎಂಬ ಪುಟ್ಟ ಹಳ್ಳಿಯ ಮೇಲಣ ಗುಡ್ಡದಲ್ಲಿ ಬಂಡೆಯನ್ನು ಸಿಡಿಸಿ ಹುಲ್ಲಿನ ಮೈದಾನವೊಂದನ್ನು ನಿರ್ಮಿಸಿಕೊಂಡರು. 1977ರಲ್ಲಿ ಯೂರೋಪಿನ ಶ್ರೇಷ್ಠ ಆಟಗಾರನೆನಿಸಿದ್ದ ಆಲನ್ ಸಿಮೊನ್ಸೆನ್ ಬಂದು ಕೆಲವು ವರ್ಷ ಶಿಕ್ಷಣ ಕೊಟ್ಟನು. 2002ರಲ್ಲಿ ಅದೇ ಗುಡ್ಡದ ಮೇಲೆ ಸ್ಕಾಟ್ಲೆಂಡಿನ ವಿರುದ್ಧ ಆರಂಭದಲ್ಲಿಯೇ ಎರಡು ಗೋಲುಗಳನ್ನು ಹೊಡೆದು ಕೊನೆಗೆ 2-2ರ ಸಮಬಲದಲ್ಲಿ ನಿಂತರು. ಉಳಿದಂತೆ ಪರಾಭವಗಳೇ ಹೆಚ್ಚು, ಅವುಗಳಲ್ಲಿ ಕೆಲವು ಐದು, ಆರು, ಏಳು ಗೋಲುಗಳವು. ಇಂಥ ಫಲಿತಾಂಶಗಳನ್ನು ಕಂಡು, ಅಲ್ಪರಾಷ್ಟ್ರಗಳನ್ನು ಬೇರೆಯಾಗಿ ತಮ್ಮತಮ್ಮೊಳಗೇ ಆಡಿಸಿ, ಗೆದ್ದ ಒಂದೆರಡನ್ನು ಮಾತ್ರ ದೊಡ್ಡವರ ಪಂಕ್ತಿಗೆ ಸೇರಿಸಬೇಕೆಂದು ವಾದಿಸುವವರು ಯೂರೋಪಿನಲ್ಲಿ ಆಗಾಗ್ಗೆ ತಲೆಯೆತ್ತುವುದುಂಟು. ಆ ವಾದವನ್ನು ನಾನು ಒಪ್ಪಲಾರೆ. ಬಲಿಷ್ಠನೊಡನೆ ಆಡದವನು ಬಲಿಷ್ಠನಾಗುವುದು ಹೇಗೆ? ಸೋಲುವ ಹಕ್ಕನ್ನು ಕಿತ್ತುಕೊಂಡರೆ ಅದರ ಒಡಲಲ್ಲಿ ಬೆಳೆಯುವ ಕಲಿಕೆಯನ್ನೂ ಕಿತ್ತುಕೊಂಡಂತಾಗುತ್ತದೆ.

ಕಲಿಕೆ ನಡೆದೇ ಇತ್ತು. ಗಾಳಿಮಳೆಗೆ ಕೆಡದ ಕೃತಕ ಹುಲ್ಲಿನ ಹಾಸು ಹಳ್ಳಿಹಳ್ಳಿಗೂ ಬಂದಿತು. ಇದರಿಂದ ಬಾಲಕ ಬಾಲಿಕೆಯರು ಚಳಿಗಾಲದಲ್ಲಿಯೂ ದೀಪಗಳ ಬೆಳಕಿನಲ್ಲಿ ಅಭ್ಯಾಸ ಮಾಡುವುದು ಸಾಧ್ಯವಾಯಿತು. ನನ್ನ ಎಣಿಕೆಯಲ್ಲಿ ಯಾವ ಪರದೇಶದ ಶಿಕ್ಷಕನಿಗಿಂತಲೂ ಹೆಚ್ಚಿನ ಉಪಕಾರ ಮಾಡಿದ್ದು ಈ ಹಾಸು. ಕಡಲತಳದಲ್ಲಿ ಕೊರೆದ ಸುರಂಗಮಾರ್ಗಗಳೂ ಒಂದೊಂದಾಗಿ ತೆರೆದುಕೊಂಡವು: 2002ರಲ್ಲಿ ಮೊದಲನೆಯದು, 2006ರಲ್ಲಿ ಕ್ಲಾಕ್ಸ್‌ವೀಕಿಗೆ ಹೋಗುವುದು, 2020ರಲ್ಲಿ ರಾಜಧಾನಿಯನ್ನು ಐಸ್ಟುರೋಯ್ ದ್ವೀಪಕ್ಕೆ ಜೋಡಿಸುವುದು. ದೋಣಿಗಾಗಿ ಕಾಯುತ್ತಿದ್ದ ತಂಡಗಳು ಕೆಲಸ ಮುಗಿಸಿ ಸಂಜೆಯ ಹೊತ್ತಿಗೆ ಮೋಟಾರಿನಲ್ಲಿ ಬಂದು ಆಡಿ ಹಿಂದಿರುಗತೊಡಗಿದವು.

ಇನ್ನು ಲಾರ್ಸ್ ಓಲ್ಸೆನ್. 2011ರಲ್ಲಿ ಆತನು ಫ್ಯಾರೋ ತಂಡದ ಶಿಕ್ಷಕನಾಗಿ ಬಂದನು. 2014ರ ನವೆಂಬರಿನಲ್ಲಿ ಈ ತಂಡವು ಗ್ರೀಸಿನ ಪಿರೇಯಸ್ ಬಂದರಿನ ಕ್ರೀಡಾಂಗಣದಲ್ಲಿ, 2004ರಲ್ಲಿ ಯೂರೋಪಿನ ವಿಜೇತರಾಗಿದ್ದ ಗ್ರೀಕರನ್ನು 1-0 ಅಂತರದಿಂದ ಮಣಿಸಿತು. ಗೋಲು ಯೋನ್ ಸೀಮುನ್ ಎಡ್ಮುಂಡ್ಸನ್ನನದು. ಗ್ರೀಸಿನ ಶಿಕ್ಷಕನಾಗಿದ್ದ ಇಟಲಿಯ ಕ್ಲಾಡಿಯೊ ರನಿಯೇರಿ ಕೆಲಸವನ್ನು ಕಳೆದುಕೊಂಡನು. ಎರಡು ವರ್ಷ ತುಂಬುವ ಮೊದಲೇ ಆತನು ಲೆಸ್ಟರ್ ತಂಡವನ್ನು ಇಂಗ್ಲೆಂಡಿನ ಚಾಂಪಿಯನ್ ಪಟ್ಟಕ್ಕೇರಿಸಿದನೆಂಬುದನ್ನು ನೆನೆದರೆ, ಆ ರಾತ್ರಿ ಸೋತವರ ಕಡೆ ಅಸಮರ್ಥನೊಬ್ಬನಿದ್ದನೆಂದು ಯಾರೂ ಹೇಳಲಾರರು. ಗ್ರೀಕರ ಸೋಲು ಆಕಸ್ಮಿಕವೆಂದವರಿಗೆ 2015ರ ಜೂನಿನಲ್ಲಿ ಟೋರ್ಸ್‌ಹಾವ್ನ್‌ನಲ್ಲಿ 2-1ರ ಮತ್ತೊಂದು ಜಯವೇ ಉತ್ತರವಾಯಿತು. 2022ರಲ್ಲಿ ತುರ್ಕಿಯ ತಂಡವೂ ಅಲ್ಲಿಯೇ, ಅದೇ ಅಂತರದಿಂದ ಸೋತಿತು.

ಸಂಘಗಳ ಮಟ್ಟದಲ್ಲಿ 2023 ಮರೆಯಲಾಗದ ವರ್ಷ. ಸುಮಾರು 5,000 ಜನರ ಊರಾದ ಕ್ಲಾಕ್ಸ್‌ವೀಕಿನ ತಂಡವು ಚಾಂಪಿಯನ್ಸ್ ಲೀಗಿನ ಅರ್ಹತಾ ಸುತ್ತಿನಲ್ಲಿ ಹಂಗರಿಯ ಫೆರೆಂಕ್ವಾರೋಷ್ ತಂಡವನ್ನು ಬುಡಾಪೆಸ್ಟಿನಲ್ಲಿಯೇ 3-0 ಅಂತರದಿಂದ ಸೋಲಿಸಿ, ಸ್ವೀಡನ್ನಿನ ಹೆಕೆನ್ ತಂಡವನ್ನು ಪೆನಾಲ್ಟಿಗಳಲ್ಲಿ ದಾಟಿ, ಮೂರನೆಯ ಅರ್ಹತಾ ಸುತ್ತಿನಲ್ಲಿ ನಾರ್ವೆಯ ಮೋಲ್ಡೆಗೆ ಹೆಚ್ಚುವರಿ ಕಾಲದಲ್ಲಿ ಶರಣಾಯಿತು. ಆದರೂ ಯೂರೋಪಿನ ಸ್ಪರ್ಧೆಯೊಂದರ ಗುಂಪಿನ ಹಂತವನ್ನು ತಲಪಿದ ಮೊದಲ ಫ್ಯಾರೋ ಸಂಘವೆಂಬ ಕೀರ್ತಿ ಅದಕ್ಕೆ ಲಭಿಸಿತು. ಕಾನ್ಫರೆನ್ಸ್ ಲೀಗಿನ ಆ ಗುಂಪಿನಲ್ಲಿ ಫ್ರಾನ್ಸಿನ ಲೀಲ್ ತಂಡವನ್ನು ಗೋಲಿಲ್ಲದ ಸಮಬಲದಲ್ಲಿ ತಡೆದು ನಿಲ್ಲಿಸಿತು.

2025ರ ಅಕ್ಟೋಬರಿನಲ್ಲಿ ವಿಶ್ವಕಪ್ಪಿನ ಅರ್ಹತಾ ಪಂದ್ಯಗಳಲ್ಲಿ ಫ್ಯಾರೋ ತಂಡವು ಮೂರು ದಿನಗಳ ಅಂತರದಲ್ಲಿ ಮಾಂಟೆನೆಗ್ರೊವನ್ನು 4-0, ಚೆಕ್ ಗಣರಾಜ್ಯವನ್ನು 2-1 ಅಂತರದಿಂದ ಟೋರ್ಸ್‌ಹಾವ್ನ್‌ನಲ್ಲಿ ಸೋಲಿಸಿತು. ಆಗ ಆ ದ್ವೀಪಗಳಲ್ಲಿ ವಿಶ್ವಕಪ್ಪೆಂಬುದು ಮೊದಲ ಸಲ ಗಣಿತದ ಲೆಕ್ಕಕ್ಕೆ ಸಿಗುವ ವಿಷಯವಾಯಿತು. ಜನರು ಅಂಕಗಳ ಪಟ್ಟಿಯನ್ನು ಗಂಭೀರವಾಗಿ ಕೂಡಿ ಕಳೆಯಬಹುದಾಯಿತು. ನವೆಂಬರಿನಲ್ಲಿ ಕ್ರೊಯೇಷಿಯದ ನೆಲದಲ್ಲಿ ಮೊದಲ ಗೋಲನ್ನು ಹೊಡೆದವರೂ ಅವರೇ. ಕ್ರೊಯೇಷಿಯವು ತಿರುಗಿಬಿದ್ದು 3-1ರಿಂದ ಗೆದ್ದಿತು; ಫ್ಯಾರೋ ತಂಡವು 12 ಅಂಕಗಳೊಡನೆ ಗುಂಪಿನಲ್ಲಿ ಮೂರನೆಯ ಸ್ಥಾನದಲ್ಲಿ ನಿಂತಿತು.