ಪೆಟ್ರಿ ತಟ್ಟೆ ಹೇಳುವುದೇನು, ನಾವು ಕೇಳಿಸಿಕೊಳ್ಳುವುದೇನು

“ಆಂಟಿಬಯೋಟಿಕ್ ಜಾಸ್ತಿ ತಗೊಂಡ್ರೆ ಮೈ ಅದಕ್ಕೆ ಒಗ್ಗಿಬಿಡುತ್ತೆ, ಆಮೇಲೆ ನಾಟೋದಿಲ್ಲ.” ಬಳ್ಳಾರಿಯ ಮೆಡಿಕಲ್ ಶಾಪಿನ ಮುಂದೆ ನಿಂತರೂ ಸಿರುಗುಪ್ಪದ ಬಸ್ಸಿನಲ್ಲಿ ಕೂತರೂ ಕೇಳಿಬರುವ ಮಾತಿದು. ಚೆನ್ನಾಗಿ ಓದಿದವರೂ ಹೇಳುತ್ತಾರೆ. ಮಾತು ತಪ್ಪು ಎಂದು ತೋರಿಸಲು ಒಂದು ಪೆಟ್ರಿ ತಟ್ಟೆ ಸಾಕು.

ತಟ್ಟೆಗೆ ಅಗರ್ ಹುಯ್ದು, ಗಟ್ಟಿಯಾದ ಮೇಲೆ ಬ್ಯಾಕ್ಟೀರಿಯಾ ಸವರುತ್ತಾರೆ. ಆಫೀಸಿನ ಪಂಚಿಂಗ್ ಮಶೀನಿನಲ್ಲಿ ಕತ್ತರಿಸಿದ ಫಿಲ್ಟರ್ ಪೇಪರಿನ ಬಿಲ್ಲೆಗಳನ್ನು ಔಷಧದಲ್ಲಿ ಅದ್ದಿ ಮೇಲೆ ಇಡುತ್ತಾರೆ. ಒಂದನ್ನು ಬರೀ ನೀರಿನಲ್ಲಿ ಅದ್ದಿರಬೇಕು, ಹೋಲಿಕೆಗೆ. ಮರುದಿನ ನೋಡಿದರೆ ತಟ್ಟೆಯೆಲ್ಲ ಮಬ್ಬು ಪದರ, ಔಷಧದ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ವೃತ್ತ. ಔಷಧಕ್ಕೆ ಬಗ್ಗದ ತಳಿಯಾದರೆ ಬಿಲ್ಲೆಯ ಅಂಚಿನವರೆಗೂ ಮಬ್ಬೇ. ಆ ತಟ್ಟೆಯಲ್ಲಿ ಮನುಷ್ಯನ ಮೈ ಎಲ್ಲಿದೆ? ಬದಲಾದದ್ದು ಬ್ಯಾಕ್ಟೀರಿಯಾ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳ ನಡುವೆ ಔಷಧವನ್ನು ಒಡೆಯಬಲ್ಲ, ಇಲ್ಲವೇ ಹೊರಗೆ ತಳ್ಳಬಲ್ಲ ಒಂದೆರಡು ಇರುತ್ತವೆ. ಉಳಿದವು ಸತ್ತ ಮೇಲೆ ಜಾಗವೆಲ್ಲ ಅವುಗಳದ್ದೇ. ಆ ಗುಣದ ವಂಶವಾಹಿಯನ್ನು ಪಕ್ಕದ ಬೇರೆ ಜಾತಿಗೂ ದಾಟಿಸುತ್ತವೆ. ಹಾಗಾಗಿ ವರ್ಷಗಟ್ಟಲೆ ಒಂದು ಮಾತ್ರೆ ನುಂಗದವರಿಗೂ ಮಾತ್ರೆಗೆ ಬಗ್ಗದ ಸೋಂಕು ಬರಬಹುದು.

ದೊಡ್ಡ ವೃತ್ತ ಅಂದರೆ ಜೋರು ಔಷಧ ಎಂಬುದು ವಿಜ್ಞಾನ ಮೇಳಗಳಲ್ಲಿ ಬಹುಮಾನ ಗಿಟ್ಟಿಸುವ ತಪ್ಪು. ವೃತ್ತದ ಅಗಲ ಔಷಧ ಅಗರ್‌ನಲ್ಲಿ ಎಷ್ಟು ಸಲೀಸಾಗಿ ಹರಡುತ್ತದೆ ಎಂಬುದನ್ನೂ ಅವಲಂಬಿಸಿದೆ. ವ್ಯಾಂಕೊಮೈಸಿನ್ ಅಣು ದೊಡ್ಡದು, ನಿಧಾನ ಹರಡುತ್ತದೆ, ವೃತ್ತ ಚಿಕ್ಕದು. ಆದರೆ ಔಷಧ ಸಣ್ಣದಲ್ಲ. ಅಗರ್ ತೆಳುವಾದರೂ ವೃತ್ತ ಹಿಗ್ಗುತ್ತದೆ. ಅದಕ್ಕೇ 1966ರಲ್ಲಿ ಬಾವರ್, ಕರ್ಬಿ ಮತ್ತು ಜೊತೆಗಾರರು ಈ ವಿಧಾನವನ್ನು ಒಂದು ಅಳತೆಗೆ ತಂದರು. ಇಂದು ಆಸ್ಪತ್ರೆಯ ಲ್ಯಾಬುಗಳಲ್ಲಿ ಅಗರ್ 4 ಮಿಲಿಮೀಟರ್ ದಪ್ಪ, ಉಷ್ಣತೆ ಸುಮಾರು 35 ಡಿಗ್ರಿ, ಒಂದೊಂದು ಔಷಧಕ್ಕೂ ಬೇರೆ ಬೇರೆ ಕೋಷ್ಟಕ. ಕಲ್ಚರ್ ರಿಪೋರ್ಟಿನಲ್ಲಿ ಕಾಣುವ ‘ಎಸ್’ (ಔಷಧಕ್ಕೆ ಬಗ್ಗುತ್ತದೆ), ‘ಆರ್’ (ಬಗ್ಗುವುದಿಲ್ಲ) ಅಕ್ಷರಗಳು ಬರುವುದು ಅಲ್ಲಿಂದ. ಅಂದಹಾಗೆ, ಫಿನಾಯಿಲ್ ಬಿಲ್ಲೆಯ ಸುತ್ತಲೂ ವೃತ್ತ ಬರುತ್ತದೆ. ಬೆಳ್ಳುಳ್ಳಿ ರಸಕ್ಕೆ ವೃತ್ತ ಬಂತೆಂದು ಅದನ್ನು ನ್ಯುಮೋನಿಯಾಕ್ಕೆ ಮದ್ದು ಎನ್ನುವವರು ಇದನ್ನೂ ನೋಡಬೇಕು.

ತಿಳಿಯಾದ ಜಾಗದಲ್ಲಿ ಎಲ್ಲ ಸತ್ತಿವೆ ಎನ್ನುವಂತೆಯೂ ಇಲ್ಲ. ಟೆಟ್ರಾಸೈಕ್ಲಿನ್ ಹೆಚ್ಚಾಗಿ ಬೆಳವಣಿಗೆಯನ್ನು ತಡೆಯುತ್ತದೆ, ಕೊಲ್ಲುವುದಿಲ್ಲ.

ಇದು ಆಸ್ಪತ್ರೆಗಷ್ಟೇ ಸಂಬಂಧಿಸಿದ್ದು ಎಂದುಕೊಂಡವರು ಸಿರುಗುಪ್ಪದ ಭತ್ತದ ಗದ್ದೆ ನೋಡಬೇಕು. ಅಲ್ಲಿ ‘ಸ್ಟ್ರೆಪ್ಟೋಸೈಕ್ಲಿನ್’ ಪರಿಚಿತ ಹೆಸರು. ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್ ಎರಡೂ ಸೇರಿದ ಪುಡಿ. ದುಂಡಾಣು ಅಂಗಮಾರಿಗೆ ಹೊಡೆಯುವ ಇದನ್ನು ಬೆಂಕಿ ರೋಗಕ್ಕೂ ಹೊಡೆದರೆ ದುಡ್ಡು ದಂಡ, ಏಕೆಂದರೆ ಬೆಂಕಿ ರೋಗ ಶಿಲೀಂಧ್ರದ್ದು. ಕುರುಗೋಡು ಕಡೆಯ ಮೆಣಸಿನಕಾಯಿಯ ಎಲೆ ಮುಟುರಿಗೆ ಕಾರಣ ವೈರಸ್, ಥ್ರಿಪ್ಸ್, ನುಸಿ. ಅಲ್ಲೂ ಇದರ ಆಟ ನಡೆಯದು. ಬೆಳೆಗೆ ಈ ಎರಡು ಔಷಧಗಳನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2021ರಲ್ಲಿ ಕರಡು ಆದೇಶ ಹೊರಡಿಸಿದ್ದು ಮಣ್ಣಿನ ಬ್ಯಾಕ್ಟೀರಿಯಾಗಳಿಗೂ ಇದೇ ಪಾಠ ಸಿಗುತ್ತದೆ ಎಂಬ ಭಯದಿಂದ.

ಇನ್ನು ಈ ತಟ್ಟೆಯ ಪ್ರಯೋಗ ಮಾಡಹೊರಡುವ ಶಾಲೆಯ ಲ್ಯಾಬಿನ ಮಾತು. ಗಂಟಲು, ಚರಂಡಿಯಿಂದ ಬ್ಯಾಕ್ಟೀರಿಯಾ ತಂದು ಬೆಳೆಸುವುದು ಸಾಹಸವಲ್ಲ, ಅಪಾಯ. ಶಾಲೆಯಲ್ಲಿ ತಟ್ಟೆಗಳನ್ನು 37 ಡಿಗ್ರಿಗಿಂತ ಸಾಕಷ್ಟು ಕೆಳಗಿಡಬೇಕು, ಮೈಯಲ್ಲಿ ಬೆಳೆಯುವ ರೋಗಾಣು ಹೆಚ್ಚದಿರಲಿ ಎಂದು. ಪುಸ್ತಕ ‘ಕೋಣೆಯ ಉಷ್ಣತೆಯಲ್ಲಿಡಿ’ ಎನ್ನುತ್ತದೆ. ಏಪ್ರಿಲ್-ಮೇನಲ್ಲಿ 40 ದಾಟುವ ಬಳ್ಳಾರಿಯಲ್ಲಿ ಆ ಸಲಹೆ ಡಿಸೆಂಬರಿಗೆ ಮಾತ್ರ. ಮುಚ್ಚಳಕ್ಕೆ ಟೇಪು ಸುತ್ತಿದ ಮೇಲೆ ತೆರೆಯುವಂತಿಲ್ಲ.

ಇದಕ್ಕಿಂತ ಸಲೀಸಾದ ಪ್ರಯೋಗ ಅಡುಗೆಮನೆಯಲ್ಲೇ ಇದೆ. ಎರಡು ಲೋಟ ಉಗುರುಬೆಚ್ಚಗಿನ ಹಾಲಿಗೆ ಸಮನಾಗಿ ಹೆಪ್ಪು ಹಾಕಿ, ಒಂದಕ್ಕೆ ಮಾತ್ರ ಶಿಕ್ಷಕರು ಚೂರು ಅಮಾಕ್ಸಿಸಿಲಿನ್ ಬೆರೆಸಲಿ. ಒಂದು ಮೊಸರಾಗುತ್ತದೆ, ಇನ್ನೊಂದು ಹಾಲಾಗಿಯೇ ಉಳಿಯುತ್ತದೆ ಅಥವಾ ತೀರಾ ತಡವಾಗಿ ಹೆಪ್ಪುಗಟ್ಟುತ್ತದೆ. ರುಚಿ ನೋಡಬಾರದು. ಕೆಚ್ಚಲು ಬಾವಿಗೆ ಇಂಜೆಕ್ಷನ್ ಹಾಕಿಸಿದ ಎಮ್ಮೆಯ ಹಾಲು ಮೊಸರಾಗದಿದ್ದರೆ ಹಳ್ಳಿಮನೆಗಳಲ್ಲಿ ದೃಷ್ಟಿಯಾಯಿತೆನ್ನುವುದುಂಟು. ಕಾರಣ ಹೆಚ್ಚಾಗಿ ಹಾಲಿಗಿಳಿದ ಔಷಧವೇ. ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೂ ಹಾಕುವಂತಿಲ್ಲ, ಮನೆಯಲ್ಲೂ ಕುಡಿಯುವಂತಿಲ್ಲ.