ಮುದ್ದೆ ಗಾತ್ರದ ಪ್ಲುಟೋನಿಯಂ

ದೇಶದ ಮೊದಲ ಅಣುಬಾಂಬ್ ಮಾಡಿದವರು ನಮ್ಮ ಜಿಲ್ಲೆಯವರಂತೆ, ನಿಜವೇ? ಅದನ್ನು ಸಿಡಿಸಿದ್ದು ಹೇಗೆ?
– ಓದುಗರೊಬ್ಬರು, ತಾವರೆಕೆರೆ, ಶಿರಾ ತಾಲ್ಲೂಕು

ನಿಜ. ತಂಡದ ಮುಂದಾಳು ರಾಜಾ ರಾಮಣ್ಣ ಹುಟ್ಟಿದ್ದು 1925ರಲ್ಲಿ, ತಿಪಟೂರಿನಲ್ಲಿ. ಒಬ್ಬರೇ ಮಾಡಿದ್ದಲ್ಲ ಅನ್ನಿ, ಪಿ.ಕೆ. ಅಯ್ಯಂಗಾರ್, ಆರ್. ಚಿದಂಬರಂ ಮೊದಲಾದವರು ಜೊತೆಗಿದ್ದರು.

ಬಳಸಿದ್ದು ಟ್ರಾಂಬೆಯ ಸೈರಸ್ ರಿಯಾಕ್ಟರಿನಲ್ಲಿ ತಯಾರಾದ ಸುಮಾರು 6 ಕಿಲೋ ಪ್ಲುಟೋನಿಯಂ. ಭಾರ ಹೆಚ್ಚು, ಗಾತ್ರ ಒಂದು ರಾಗಿಮುದ್ದೆಯಷ್ಟೇ. ಸುಮ್ಮನಿಟ್ಟರೆ ಅದು ಸಿಡಿಯದು. ಪರಮಾಣು ಒಡೆದಾಗ ಚಿಮ್ಮುವ ನ್ಯೂಟ್ರಾನ್‌ಗಳು ಹೊರಗೆ ಸೋರಿಹೋಗುತ್ತವೆ. ಸುತ್ತಲೂ ಸಿಡಿಮದ್ದು ಜೋಡಿಸಿ ಒಂದೇ ಕ್ಷಣಕ್ಕೆ ಹೊತ್ತಿಸಿದರೆ ಗೋಳ ಒಳಕ್ಕೆ ಅದುಮಿಕೊಳ್ಳುತ್ತದೆ. ಪರಮಾಣುಗಳು ಒತ್ತೊತ್ತಾಗಿ, ಚಿಮ್ಮಿದ ನ್ಯೂಟ್ರಾನ್ ಇನ್ನೊಂದು ಪರಮಾಣುವನ್ನು ಒಡೆಯುತ್ತದೆ; ಎರಡು ನಾಲ್ಕಾಗಿ, ನಾಲ್ಕು ಎಂಟಾಗುತ್ತದೆ.

ಕಷ್ಟವಿರುವುದು ಆ ಅದುಮುವುದರಲ್ಲೇ. ಮುದ್ದೆ ಕಟ್ಟುವಾಗ ಒಂದೇ ಕಡೆ ಒತ್ತಿ ನೋಡಿ, ಹಿಟ್ಟು ಬೆರಳ ಸಂದಿಯಿಂದ ನುಸುಳುತ್ತದೆ. ಇಲ್ಲೂ ಅಷ್ಟೆ, ಎಲ್ಲ ಕಡೆಯಿಂದ ಒತ್ತಡ ಸಮನಾಗಿ ಬೀಳಬೇಕು.

1974ರ ಮೇ 18, ಪೋಖ್ರಾನ್. ಸಿಡಿಸುವುದು ಬೆಳಿಗ್ಗೆ 8ಕ್ಕೆ ಎಂದಿತ್ತು. ಒಂದು ಜೀಪು ಸ್ಟಾರ್ಟ್ ಆಗದೆ 5 ನಿಮಿಷ ತಡ! ತಂಡದ ಪ್ರಣಬ್ ದಸ್ತಿದಾರ್ ಗುಂಡಿ ಒತ್ತಿದರು. ನೂರು ಮೀಟರಿಗೂ ಆಳದಲ್ಲಿ ಸಿಡಿತ, ಮೇಲೆ ಮರಳುನೆಲ ಗುಡ್ಡದಂತೆ ಎದ್ದು ಕುಸಿಯಿತು. ಸರ್ಕಾರ ಮಾತ್ರ ಅದನ್ನು ಬಾಂಬ್ ಎನ್ನದೆ ‘ಶಾಂತಿಯುತ ಅಣುಸ್ಫೋಟ’ ಎಂದಿತು.